ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಬಿಟ್ಟು ಬಿಟ್ಟು ತುಳಿಯಬೇಕಾ?

ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ: "ಅಪ್ಪ 30 ವರ್ಷ ಜೀಪು ಓಡಿಸಿದವರು. ಮಳೆಗೆ ಬ್ರೇಕ್ ಒಮ್ಮೆಲೇ ಒತ್ತಬೇಡ, ಬಿಟ್ಟು ಬಿಟ್ಟು ತುಳಿ ಅಂತಾರೆ. ನನ್ನ ಹೊಸ ಕಾರಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆ. ಏನು ಮಾಡಲಿ?"

ಎದುರಿಗೆ ಏನಾದರೂ ಅಡ್ಡ ಬಂದರೆ ಒಂದೇ ಸಲ ಜೋರಾಗಿ ತುಳಿಯಿರಿ. ಕಾರು ನಿಲ್ಲುವವರೆಗೆ ಕಾಲು ತೆಗೆಯಬೇಡಿ.

ಅಪ್ಪ ಹೇಳಿದ್ದು ಅವರ ಜೀಪಿಗೆ ಸರಿಯೇ. ಗಾಲಿ ಲಾಕ್ ಆದರೆ ಟಯರ್ ಉರುಳುವುದಿಲ್ಲ, ಜಾರುತ್ತದೆ. ಜಾರುವ ಟಯರ್ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಅದಕ್ಕೇ ಕಾಲು ಸಡಿಲಿಸಿ, ಗಾಲಿ ಉರುಳಲು ಬಿಟ್ಟು, ಮತ್ತೆ ತುಳಿಯುತ್ತಿದ್ದರು. ಈಗ ಆ ಕೆಲಸವನ್ನು ಎಬಿಎಸ್ಸೇ ಮಾಡುತ್ತದೆ. ಯಾವ ಗಾಲಿ ನಿಲ್ಲುತ್ತಾ ಬಂತು ಅಂತ ಸೆನ್ಸರ್ ತಿಳಿಸುತ್ತದೆ, ಆ ಗಾಲಿಯ ಬ್ರೇಕ್ ಸೆಕೆಂಡಿಗೆ ಹಲವು ಸಲ ಸಡಿಲವಾಗಿ ಮತ್ತೆ ಬಿಗಿಯಾಗುತ್ತದೆ. ಎಂಥ ಪಳಗಿದ ಕಾಲಿಗೂ ಇದು ಆಗದು, ನಮಗಿರುವುದು ನಾಲ್ಕು ಗಾಲಿಗೂ ಸೇರಿ ಒಂದೇ ಪೆಡಲ್ ಅಲ್ವಾ? 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಎಬಿಎಸ್ ಕೆಲಸ ಶುರು ಮಾಡಿದಾಗ ಪೆಡಲ್ ಪಾದಕ್ಕೆ ಟಕಟಕ ಅಂತ ಒದೆಯುತ್ತದೆ, ಕೆಳಗಿನಿಂದ ಗರಗರ ಸದ್ದು ಬರುತ್ತದೆ. ಪೆರ್ಲದ ಹತ್ತಿರ ಒಂದು ಮಳೆಗಾಲದ ಸಂಜೆ, ತಿರುವಿನಲ್ಲಿ ಬಸ್ಸು ಎದುರಾದಾಗ ನನಗೆ ಇದು ಮೊದಲ ಸಲ ಆಯಿತು. ಬ್ರೇಕ್ ಮುರಿದೇ ಹೋಯಿತು ಅಂದುಕೊಂಡು ಕಾಲು ಎತ್ತಿಬಿಟ್ಟೆ. ಕಾರು ಮುಂದಕ್ಕೆ ನುಗ್ಗಿತು. ಬಸ್ಸಿನವರು ಬದಿಗೆ ಸರಿದದ್ದರಿಂದ ಉಳಿದೆ. ಆವತ್ತು ನಾನು ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿದ್ದರೆ ಸಾಕಿತ್ತು, ಎಬಿಎಸ್ ಇರುವುದೇ ಅದಕ್ಕೆ.

ಆದರೆ ಎಬಿಎಸ್ ಇದೆ ಅಂತ ಜಾಸ್ತಿ ವೇಗದಲ್ಲಿ ಹೋಗಬೇಡಿ. ಟಯರಿನ ಹಿಡಿತ ಎಷ್ಟಿದೆಯೋ ಅಷ್ಟನ್ನೇ ಅದು ಬಳಸಬಲ್ಲದು, ಹೊಸ ಹಿಡಿತ ತಂದುಕೊಡುವುದಿಲ್ಲ. ಒಂದು ಟಯರ್ ರಸ್ತೆಗೆ ತಾಗುವುದು ಹೆಚ್ಚುಕಡಿಮೆ ಅಂಗೈಯಗಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಮೊದಲ ಮಳೆಗೆ ಎಣ್ಣೆ, ಧೂಳು ಸೇರಿ ರಸ್ತೆ ಸಾಬೂನು ಹಚ್ಚಿದ ಹಾಗೆ ಇರುತ್ತದೆ. ಇನ್ನು ನಮ್ಮ ಗುಡ್ಡದ ರಸ್ತೆಗಳಲ್ಲಿ ಮಳೆನೀರು ಮುರಕಲ್ಲಿನ ಪುಡಿ, ಜಲ್ಲಿ ಎಲ್ಲ ತಂದು ತಿರುವಿಗೇ ಸುರಿಯುತ್ತದೆ ನೋಡಿ, ಅಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಇನ್ನೂ ಜಾಸ್ತಿ ದೂರ ತೆಗೆದುಕೊಳ್ಳಬಹುದು. ಲಾಕ್ ಆದ ಗಾಲಿ ಜಲ್ಲಿಯನ್ನು ಮುಂದೆ ಗುಡ್ಡೆ ಹಾಕಿ ತಡೆಯುತ್ತದೆ, ಉರುಳುವ ಗಾಲಿಗೆ ಆ ತಡೆ ಸಿಗುವುದಿಲ್ಲ.

ಇಲ್ಲಿ ಅಪ್ಪನ ಮಾತು ಕೇಳಿ. ತಿರುವಿನ ಒಳಗೆ ಅಲ್ಲ, ಅದಕ್ಕೂ ಮೊದಲೇ ವೇಗ ಇಳಿಸುವುದು, ಇಳಿಜಾರಿನಲ್ಲಿ ಸುಮ್ನೆ ಬ್ರೇಕ್ ಒತ್ತಿಕೊಂಡೇ ಇರದೆ ಗೇರ್ ಇಳಿಸಿ ಎಂಜಿನ್ನಿನಿಂದಲೇ ಕಾರನ್ನು ಹಿಡಿಯುವುದು, ಎದುರಿನ ಗಾಡಿಯಿಂದ ದೂರ ಇರುವುದು, ಇದನ್ನೆಲ್ಲ ಅವರ ಪಕ್ಕದಲ್ಲಿ ಕೂತೇ ಕಲಿಯಬೇಕು.

ಮೀಟರಿನ ಹತ್ತಿರ ಎಬಿಎಸ್ ಅಂತ ಹಳದಿ ದೀಪ ಇರುತ್ತದೆ. ಕಾರು ಸ್ಟಾರ್ಟ್ ಆದಾಗ ಹತ್ತಿ ಆರಬೇಕು. ಆರದೇ ಉಳಿದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ, ಸಾದಾ ಬ್ರೇಕ್ ಮಾತ್ರ ಇದೆ ಅಂತ ಅರ್ಥ. ಗ್ಯಾರೇಜು ಮುಟ್ಟುವವರೆಗೆ ಅಪ್ಪನ ಹಾಗೆ ಬಿಟ್ಟು ಬಿಟ್ಟು ತುಳಿಯುವುದೇ ಸರಿ.

ಮಳೆ ನಿಂತ ಮೇಲೆ ಒಂದು ದಿನ ಅಪ್ಪನನ್ನೂ ಕರೆದುಕೊಂಡು ಯಾರೂ ಇಲ್ಲದ ಮೈದಾನಕ್ಕೆ ಹೋಗಿ. 30 ಕಿಲೋಮೀಟರ್ ವೇಗದಲ್ಲಿ ಪೂರ್ತಿ ತುಳಿದು ನೋಡಿ. ಆಮೇಲೆ ಅವರಿಗೂ ಸ್ಟೇರಿಂಗ್ ಕೊಡಿ, ಆ ಟಕಟಕ ಅವರ ಕಾಲಿಗೂ ಗೊತ್ತಾಗಲಿ.