ತಾರಷಡ್ಜದಲ್ಲಿ ಒಡೆಯುವ ದನಿ

ಮನೆಯಲ್ಲೇ ದೇವರನಾಮ ಹಾಡಿ ಧ್ವನಿಮುದ್ರಿಸಿಕೊಂಡವರಲ್ಲಿ ಹಲವರು ಈ ಕಾಟ ಅನುಭವಿಸಿರುತ್ತಾರೆ. ಪಲ್ಲವಿ ಸೊಗಸಾಗಿ ಬಂದಿರುತ್ತದೆ. ಅನುಪಲ್ಲವಿಯಲ್ಲಿ ತಾರಷಡ್ಜ, ಎಂದರೆ ಮೇಲಿನ ‘ಸ’, ಮುಟ್ಟಿದ್ದೇ ತಡ, ದನಿ ಒಡೆದು ಕರಕರ ಎನ್ನುತ್ತದೆ. ಕೂಡಲೇ ಸಾಫ್ಟ್‌ವೇರಿನಲ್ಲಿ ವಾಲ್ಯೂಮ್ ಇಳಿಸಿ ನೋಡುತ್ತೇವೆ. ಕರಕರ ಸಣ್ಣದಾಗುತ್ತದೆಯೇ ಹೊರತು ಹೋಗುವುದಿಲ್ಲ. ದನಿ ಕೆಟ್ಟದ್ದು ಎಲ್ಲೋ ಹಿಂದೆ, ನಾವು ತಿರುಗಿಸುತ್ತಿರುವ ಗುಂಡಿ ಅದರ ಮುಂದೆ.

ಬಾಯಿಂದ ಹೊರಟ ಒತ್ತಡದ ಅಲೆಯನ್ನು ಮೈಕ್ ಕೆಲವು ಮಿಲಿವೋಲ್ಟುಗಳ ವಿದ್ಯುತ್ತಾಗಿಸುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್ಫೇಸ್ ಒಳಗಿನ ಪ್ರೀ-ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಎಷ್ಟು ಹಿಗ್ಗಬೇಕು ಎಂಬುದೇ ಗೇನ್. ಬಳಿಕ ಪರಿವರ್ತಕವು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅದನ್ನು ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಇಂಥ ಒಂದೊಂದು ಅಳತೆಯೂ ಒಂದು ಮಾದರಿ. ಅದು ಬರೆಯಬಲ್ಲ ಅತಿ ದೊಡ್ಡ ಅಂಕಿಯೇ ಮೀಟರಿನ 0 ಡೆಸಿಬೆಲ್. ಅದನ್ನು ಮೀರಿದ್ದಕ್ಕೆಲ್ಲ ಅದೇ ಅಂಕಿ ಬೀಳುತ್ತದೆ. ತೆರೆಯ ಮೇಲೆ ಅಲೆಯನ್ನು ಹಿಗ್ಗಿಸಿ ನೋಡಿದರೆ, ತಲೆ ದುಂಡಗಿರಬೇಕಾದ ಕಡೆ ಕತ್ತರಿ ಹಾಕಿದ ಬೇಲಿಯಂತೆ ಸಮತಟ್ಟಾಗಿರುತ್ತದೆ.

ಹೀಗೆ ತಲೆ ಕತ್ತರಿಸಿಕೊಂಡ ಅಲೆಯಲ್ಲಿ ಗಾಯಕರು ಹಾಡದ ಕಂಪನಗಳು ಹುಟ್ಟಿಕೊಳ್ಳುತ್ತವೆ. ಐದು ಮನೆ ಶ್ರುತಿಯ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯೇ ‘ಸ’) ಹೆಣ್ಣುದನಿಯ ತಾರಷಡ್ಜ ಸುಮಾರು 392 ಹರ್ಟ್ಸ್. ಅಲೆಯ ಮೇಲೂ ಕೆಳಗೂ ಒಂದೇ ಸಮ ಕತ್ತರಿ ಬಿದ್ದರೆ ಅದರ ಮೂರು, ಐದು, ಏಳು, ಒಂಬತ್ತು ಪಟ್ಟಿನ ಕಂಪನಗಳಿಗೆ ಬಲ ಬರುತ್ತದೆ. ಏಳು ಪಟ್ಟು ಎಂದರೆ 2,744 ಹರ್ಟ್ಸ್, ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವ ವಲಯವೇ ಅದು. ಕ್ಷಣಮಾತ್ರದ ಕತ್ತರಿಯೂ ಚುಚ್ಚುವುದು ಅದಕ್ಕೇ. ಅದೇ ಮೈಕಿಗೆ ತಂಬೂರಿಯೂ ಕೇಳುತ್ತಿದ್ದರೆ ಇನ್ನೂ ಕಷ್ಟ. ಎರಡೂ ನಾದಗಳು ಬೆರೆತು, ಎರಡಕ್ಕೂ ಸೇರದ ಮೂರನೆಯ ನಾದಗಳು ಏಳುತ್ತವೆ.

ಕತ್ತರಿ ಬಿದ್ದದ್ದು ಎಲ್ಲಿ ಎಂಬುದಕ್ಕೆ ಆ ಸಮತಟ್ಟಾದ ತಲೆಯೇ ಸಾಕ್ಷಿ. ಅದು ಸರಿಯಾಗಿ 0 ಡೆಸಿಬೆಲ್ಲಿನಲ್ಲಿದ್ದರೆ ಪರಿವರ್ತಕದ ಮಿತಿ ಮೀರಿದೆ. ಇಂಟರ್ಫೇಸಿನ ಗೇನ್ ತಗ್ಗಿಸಿದರೆ ಸಾಮಾನ್ಯವಾಗಿ ಮುಗಿಯಿತು. ಆದರೆ ಈಗಷ್ಟೇ ಮುದ್ರಿಸಿದ, ಇನ್ನೂ ಯಾರೂ ಕೈಯಾಡಿಸದ ಫೈಲಿನಲ್ಲಿ ಅಲೆಯ ತಲೆ −6 ಡೆಸಿಬೆಲ್ಲಿನಲ್ಲೇ, ಎಂದರೆ ಮಿತಿಗಿಂತ ಕೆಳಗೇ, ಚಪ್ಪಟೆಯಾಗಿದ್ದರೆ? ಮೀಟರಿನಲ್ಲಿ ಕೆಂಪು ದೀಪ ಹತ್ತಿಯೇ ಇರುವುದಿಲ್ಲ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಅಂಕಿಯಾಗುವ ಮೊದಲೇ ದನಿ ಕೆಟ್ಟಿದೆ ಎಂದು ಅರ್ಥ. ಗೇನ್ ಇಳಿಸಿ ಅದೇ ಸಾಲನ್ನು ಅದೇ ಜೋರಿನಲ್ಲಿ ಮತ್ತೆ ಹಾಡಿಸಬೇಕು. ಒರಟುತನ ಹಾಗೇ ಉಳಿದು ಬರೀ ಸದ್ದು ತಗ್ಗಿದರೆ ತಪ್ಪು ಗೇನ್ ಗುಂಡಿಗಿಂತ ಹಿಂದೆ, ಎಂದರೆ ಬಹುತೇಕ ಮೈಕಿನೊಳಗಿನ ಸರ್ಕ್ಯೂಟಿನಲ್ಲಿದೆ. ಮೈಕಿಗೆ ಸಂಕೇತವನ್ನು ಒಳಗೇ ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಒತ್ತಬೇಕು, ಇಲ್ಲವಾದರೆ ಹಿಂದೆ ಸರಿಯಬೇಕು. ಹತ್ತು ಸೆಂಟಿಮೀಟರಿನಿಂದ ಇಪ್ಪತ್ತಕ್ಕೆ ಸರಿದರೆ ಮೈಕಿಗೆ ತಾಗುವ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಸುಮಾರು 6 ಡೆಸಿಬೆಲ್. ಮಿಕ್ಸರಿನ ಲೈನ್ ಔಟ್‌ಪುಟ್ ಅನ್ನು ಮೈಕಿನ ಕಿಂಡಿಗೆ ಚುಚ್ಚಿದ್ದರೂ ಇದೇ ಅವಸ್ಥೆ. ಮಿಲಿವೋಲ್ಟಿಗೆಂದು ಮಾಡಿದ ಕಿಂಡಿಗೆ ವೋಲ್ಟಿನ ಲೆಕ್ಕದಲ್ಲಿ ಸಂಕೇತ ನುಗ್ಗುತ್ತಿರುತ್ತದೆ.

ಕರಕರ ಎಂದದ್ದೆಲ್ಲ ಇದೇ ರೋಗವಲ್ಲ. ‘ಭ’, ‘ಫ’ದಂಥ ಮಹಾಪ್ರಾಣಗಳಲ್ಲಿ ‘ಧಪ್’ ಎಂದು ಗುದ್ದಿದರೆ ಅದು ಉಸಿರಿನ ಹೊಡೆತ. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆಯಾಗಿಟ್ಟು ಮುಂದೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಹಿಡಿದರಾಯಿತು. ಮೆಲ್ಲನೆ ಹಾಡುವಾಗಲೂ ಹೊತ್ತುಗೊತ್ತಿಲ್ಲದೆ ‘ಟಿಕ್ ಟಿಕ್’ ಎಂದರೆ ಕಂಪ್ಯೂಟರಿಗೆ ಕೆಲಸ ಮುಗಿಸಲು ಸಮಯ ಸಾಲುತ್ತಿಲ್ಲ. ಅದು ಮಾದರಿಗಳನ್ನು ಬಫರ್ ಎಂಬ ಕಂತುಗಳಲ್ಲಿ ಸಂಸ್ಕರಿಸುತ್ತದೆ. 48,000ದ ದರದಲ್ಲಿ 64 ಮಾದರಿಗಳ ಬಫರ್ ಎಂದರೆ ಅದಕ್ಕೆ ಸಿಗುವುದು 1.3 ಮಿಲಿಸೆಕೆಂಡ್ ಅಷ್ಟೇ. 512ಕ್ಕೆ ಏರಿಸಿದರೆ ಹತ್ತೂ ಚಿಲ್ಲರೆ. ಇನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಿ ಹಾಡನ್ನು ದೂರುವವರು ಮೊದಲು ತಂತಿಯ ಹೆಡ್‌ಫೋನ್ ಹಾಕಿಕೊಂಡು ಕೇಳಲಿ. ಇಯರ್‌ಫೋನಿನ ಮೈಕ್ ಚಾಲೂ ಆದಾಗ ಅದು ಫೋನ್ ಕರೆಯ ದರ್ಜೆಗೆ ಇಳಿಯುವುದುಂಟು. ಫೈಲು ಶುದ್ಧವಾಗಿಯೇ ಇರಬಹುದು.

ಗೇನ್ ಎಷ್ಟಿಡಬೇಕು ಎಂಬ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಕಾಡುತ್ತಿದೆ: ಮೀಟರ್ ಕೆಂಪನ್ನು ಸವರಿಕೊಂಡೇ ಹೋಗಬೇಕಂತೆ. ಟೇಪಿನ ಹಿಸ್ಸೆಂಬ ಸದ್ದನ್ನು ಮುಚ್ಚಬೇಕಿದ್ದ ಕಾಲದಲ್ಲಿ ಅದು ಸರಿಯಿತ್ತು. ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ 16 ಬಿಟ್ ಮುದ್ರಣದ ಸೈದ್ಧಾಂತಿಕ ಹರವು ಸುಮಾರು 96 ಡೆಸಿಬೆಲ್, 24 ಬಿಟ್ಟಿನದು 144. ಹನ್ನೆರಡು ಡೆಸಿಬೆಲ್ ಖಾಲಿ ಬಿಟ್ಟರೂ ಮನೆಯ ಫ್ಯಾನಿನ ಸದ್ದಿಗಿಂತ ಎಷ್ಟೋ ಕೆಳಗೆ ಜಾಗ ಉಳಿದಿರುತ್ತದೆ. ಹಾಗಾಗಿ ಹಾಡಿನ ಅತಿ ಜೋರಾದ ಸಾಲನ್ನೇ ಹಾಡಿಸಿ ಶಿಖರ −12ರ ಆಸುಪಾಸಿನಲ್ಲಿರುವಂತೆ ಗೇನ್ ಇಡುವುದು ನನಗೆ ಒಪ್ಪಿಗೆ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ನೋಡಿ ಗೇನ್ ಇಟ್ಟರೆ ಪ್ರಯೋಜನವಿಲ್ಲ. ನಿಜವಾಗಿ ಹಾಡಲು ಕುಳಿತಾಗ ಭಾವ ಏರಿ ದನಿಯೂ ಏರುತ್ತದೆ.

ಕೆಟ್ಟ ಫೈಲನ್ನು ರಿಪೇರಿ ಮಾಡುವ ಸಾಫ್ಟ್‌ವೇರುಗಳು ಇವೆ. ಚಪ್ಪಟೆಯಾದ ತಲೆಯ ಎರಡೂ ಪಕ್ಕದ ಇಳಿಜಾರು ನೋಡಿ, ನಡುವೆ ಇದ್ದಿರಬಹುದಾದ ವಕ್ರವನ್ನು ಅವು ಊಹಿಸುತ್ತವೆ. ನಾಲ್ಕೈದು ಮಾದರಿಗಳು ಕಳೆದಿದ್ದರೆ ಊಹೆ ಚೆನ್ನಾಗಿಯೇ ಹೊಂದುತ್ತದೆ. ದೀರ್ಘವಾದ ‘ಆ’ಕಾರ ಪೂರ್ತಿ ಚಪ್ಪಟೆಯಾಗಿದ್ದರೆ ಅವುಗಳ ಆಟ ನಡೆಯುವುದಿಲ್ಲ, ಗೇನ್ ಇಳಿಸಿ ಆ ಸಾಲನ್ನು ಮತ್ತೆ ಹಾಡುವುದೇ ಬೇಗ ಮುಗಿಯುವ ಕೆಲಸ.