ಗೆರೆಗಲ್ಲ, ಗೆರೆಗಳು ಕೂಡುವ ಜಾಗಕ್ಕೆ ದುಡ್ಡು

‘ಕ್ಯಾಡ್ ಸಾಫ್ಟ್‌ವೇರ್ ಅಂದ್ರೆ ಗೆರೆ ಎಳೆಯೋದು ತಾನೆ? ಅದಕ್ಯಾಕೆ ಇಷ್ಟು ದುಡ್ಡು?’ ಕಂಪ್ಯೂಟರಿನಲ್ಲಿ ವಸ್ತುಗಳ ವಿನ್ಯಾಸ ಮಾಡುವ ಕ್ಯಾಡ್ ಬಗ್ಗೆ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗೆರೆ ಎಳೆಯುವ ಕೆಲಸ 1963ರಲ್ಲೇ ಮುಗಿದಿತ್ತು. ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಲೈಟ್ ಪೆನ್ ಹಿಡಿದು ಪರದೆಯ ಮೇಲೆ ಚಿತ್ರ ಬಿಡಿಸುವ ಸ್ಕೆಚ್‌ಪ್ಯಾಡ್ ಮಾಡಿ ತೋರಿಸಿದ್ದರು.

ಕಷ್ಟ ಇರುವುದು ಬೇರೆ ಕಡೆ. ಕಾರಿನ ಬಾನೆಟ್‌ನಂಥ ಎರಡು ಬಾಗಿದ ಹಾಳೆಗಳು ಒಂದನ್ನೊಂದು ಸೀಳಿಕೊಂಡು ಹೋಗುತ್ತವೆ ಅಂದುಕೊಳ್ಳಿ. ಅವು ಕೂಡುವ ಅಂಚು ಎಂಥದ್ದು? ಕ್ಯಾಡ್‌ನಲ್ಲಿ ತೀರಾ ಮಾಮೂಲಾದ ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಮೂರನೇ ಡಿಗ್ರಿಯ) ಹಾಳೆಗಳಿಗೇ ಆ ಅಂಚಿನ ಡಿಗ್ರಿ, ಅಂದರೆ ಸಮೀಕರಣದ ಘಾತ, 324 ಆಗಬಹುದು! ಶಾಲೆಯಲ್ಲಿ ಎರಡನೇ ಡಿಗ್ರಿ ಸಮೀಕರಣಕ್ಕೇ ಬೆವರುತ್ತಿದ್ದೆವು, ಅಲ್ವಾ? ಹಾಗಾಗಿ ಸಾಫ್ಟ್‌ವೇರ್ ನಿಖರ ಉತ್ತರದ ಆಸೆ ಬಿಟ್ಟು, ಹತ್ತಿರದ ಗೆರೆಯೊಂದನ್ನು ಹಾಕಿಕೊಳ್ಳುತ್ತದೆ. ಆ ಗೆರೆ ಎರಡೂ ಹಾಳೆಗಳ ಮೇಲೆ ಸರಿಯಾಗಿ ಕೂರುವುದಿಲ್ಲ. ಕೂದಲೆಳೆಗಿಂತ ಸಣ್ಣ ಸಂದು ಉಳಿಯುತ್ತದೆ. ಚೀಲದ ಹೊಲಿಗೆ ಒಂದು ಕಡೆ ಬಿಟ್ಟರೆ ಕಾಳು ಸೋರುವಂತೆ, ಇಲ್ಲಿ ‘ಒಳಗೆ’ ಯಾವುದು ‘ಹೊರಗೆ’ ಯಾವುದು ಅನ್ನುವುದೇ ಸೋರಿಹೋಗುತ್ತದೆ. ಯಾವ ಸಂದನ್ನು ಮುಚ್ಚಿದ್ದು ಅಂತ ಲೆಕ್ಕ ಹಿಡಿಯಬೇಕು? ಇದನ್ನು ತೀರ್ಮಾನಿಸುವ ಭಾಗಕ್ಕೆ ಕರ್ನಲ್ ಅನ್ನುತ್ತಾರೆ.

ಗಟ್ಟಿ ಕರ್ನಲ್‌ಗಳು ಬೆರಳೆಣಿಕೆಯಷ್ಟು. ಪ್ಯಾರಾಸಾಲಿಡ್, ಏಸಿಸ್ ಎರಡರ ಬೇರೂ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿದೆ. ತಮಾಷೆ ನೋಡಿ: ದಸೋ ಕಂಪನಿಯ ಕ್ಯಾಡ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ಓಡುವುದು ಎದುರಾಳಿ ಸೀಮೆನ್ಸ್‌ನ ಪ್ಯಾರಾಸಾಲಿಡ್ ಮೇಲೆ. ಪುಕ್ಕಟೆ ಸಿಗುವ ಫ್ರೀಕ್ಯಾಡ್ ನಿಂತಿರುವುದು ಓಪನ್ ಕ್ಯಾಸ್ಕೇಡ್ ಅನ್ನುವ ಕರ್ನಲ್ ಮೇಲೆ. ಫ್ರೀಕ್ಯಾಡ್‌ನ 1.0 ಆವೃತ್ತಿ ಬಂದಿದ್ದು 2024ರಲ್ಲಿ, ಇಪ್ಪತ್ತು ವರ್ಷಕ್ಕೂ ಜಾಸ್ತಿ ದುಡಿದ ಮೇಲೆ.

ಬೆಲೆಗೆ ಕಾರಣ ಇದೆ ಅಂತ ಒಪ್ಪುತ್ತೇನೆ. ಆದರೆ ಲೈಸೆನ್ಸ್ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಕಂಪನಿಗಳ ಕಡೆ ತಿರುಗುತ್ತದೆ. ಹಳೆಯ ಆಟೋಕ್ಯಾಡ್ ಪ್ರತಿಗಳನ್ನು ಮರುಮಾರಾಟ ಮಾಡಿದ ಒಬ್ಬರ ಮೊಕದ್ದಮೆಯಲ್ಲಿ 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದಿಷ್ಟು: ಕಂಪನಿ ಗಿರಾಕಿಗೆ ಕೊಟ್ಟಿದ್ದು ಮಾರಾಟವೇ ಅಲ್ಲ, ಬರೀ ಲೈಸೆನ್ಸ್, ಅಂದರೆ ಬಳಸುವ ಅನುಮತಿ. 2016ರಲ್ಲಿ ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಶಾಶ್ವತ ಲೈಸೆನ್ಸ್ ಮಾರುವುದನ್ನೇ ನಿಲ್ಲಿಸಿತು. ಈಗ ಬಾಡಿಗೆ ಮಾತ್ರ.

ಬಾಡಿಗೆ ಬೇಡ ಅಂತ ಬೇರೆ ಸಾಫ್ಟ್‌ವೇರ್‌ಗೆ ಹೊರಟರೆ, ಸಾಮಾನ್ಯವಾಗಿ ಮಾಡೆಲ್ ಅನ್ನು ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳು ಓದಬಲ್ಲ ಸಾಮಾನ್ಯ ಫೈಲ್) ಮಾಡಿ ಒಯ್ಯಬೇಕು. ಆಕಾರವೇನೋ ಬರುತ್ತದೆ. ತೂತು ಇರುತ್ತದೆ, ಆದರೆ ಅದನ್ನು ಯಾವ ಅಳತೆಗೆ, ಯಾವ ಕ್ರಮದಲ್ಲಿ ಕೊರೆದಿದ್ದೆವು ಅನ್ನುವ ಹಿಸ್ಟರಿ ಹಳೇ ಸಾಫ್ಟ್‌ವೇರ್‌ನಲ್ಲೇ ಉಳಿದುಬಿಡುತ್ತದೆ.