ಒಡಿಶಾ ಹತ್ತಿರ ವಾಯುಭಾರ ಕುಸಿದರೆ ಸಕಲೇಶಪುರದಲ್ಲಿ ಮಳೆ ಯಾಕೆ?

ಪ್ರಶ್ನೆ: ಜುಲೈನಲ್ಲಿ ಟಿವಿಯವರು ಒಡಿಶಾ ಹತ್ತಿರ ವಾಯುಭಾರ ಕುಸಿತ ಅಂತಾರೆ. ಮಳೆ ಹೊಡೆಯೋದು ನಮ್ಮ ಸಕಲೇಶಪುರ, ಮೂಡಿಗೆರೆಗೆ. ಅಲ್ಲಿಗೂ ಇಲ್ಲಿಗೂ ಏನು ಸಂಬಂಧ?

ಉತ್ತರ: ಸಂಬಂಧ ಗಾಳಿಯದು. ಒಡಿಶಾದ ಮೋಡ ಇಲ್ಲಿಗೆ ಬರುವುದಿಲ್ಲ. ಆಗ ನಮಗೆ ಸುರಿಯುವ ನೀರು ಅರಬ್ಬಿ ಸಮುದ್ರದ ಕಡೆಯದು.

ಗಾಳಿಗೂ ತೂಕ ಇದೆ. ಮೇಲಿರುವ ಗಾಳಿಯೆಲ್ಲ ಸೇರಿ ಒತ್ತುವುದೇ ವಾಯುಭಾರ. ಸಮುದ್ರ ಮಟ್ಟದಲ್ಲಿ ಅದು ಸರಾಸರಿ 1013 ಹೆಕ್ಟೋಪಾಸ್ಕಲ್ (ವಾಯುಭಾರ ಅಳೆಯುವ ಮಾನ). ಎತ್ತರಕ್ಕೆ ಹೋದ ಹಾಗೆ ಕಡಿಮೆಯಾಗುತ್ತದೆ. ಮಂಗಳೂರಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಉಬ್ಬಿರುತ್ತೆ ಅಲ್ವಾ? ಹೊರಗಿನ ಒತ್ತಡ ಇಳಿದಿದೆ, ಒಳಗಿನ ಗಾಳಿ ಹಿಗ್ಗಿದೆ.

ಹಾಗಾದ್ರೆ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಎಲ್ಲಾ ಕಡೆಯ ಗಾಳಿ ನುಗ್ಗಬೇಕಿತ್ತಲ್ಲ ಅನ್ನಿಸಬಹುದು. ಹಾಗಾಗುವುದಿಲ್ಲ. ಮೇಲಕ್ಕೂ ಕೆಳಕ್ಕೂ ಇರುವ ವ್ಯತ್ಯಾಸವನ್ನು ಗಾಳಿಯ ತೂಕವೇ ಸರಿದೂಗಿಸುತ್ತದೆ. ಗಾಳಿ ಬೀಸುವುದು ಒಂದೇ ಎತ್ತರದಲ್ಲಿ, ಒಂದು ಕಡೆ ಭಾರ ಹೆಚ್ಚಿದ್ದು ಇನ್ನೊಂದು ಕಡೆ ಕಡಿಮೆ ಇದ್ದಾಗ. ಅದಕ್ಕೇ ಹವಾಮಾನ ನಕ್ಷೆ ಬರೆಯುವವರು ಎಲ್ಲ ಊರಿನ ಅಳತೆಯನ್ನೂ ಸಮುದ್ರ ಮಟ್ಟದ ಲೆಕ್ಕಕ್ಕೆ ತಂದು ಹೋಲಿಸುತ್ತಾರೆ. ಹಾಗೆ ನೋಡಿದಾಗ ನಾಲ್ಕೈದು ಹೆಕ್ಟೋಪಾಸ್ಕಲ್ ಕುಸಿತವೂ ದೊಡ್ಡದೇ.

ಭಾರ ಕಡಿಮೆ ಇರುವ ಕಡೆಗೆ ಗಾಳಿ ನೇರವಾಗಿಯೇ ಹೊರಡುತ್ತದೆ. ಆದರೆ ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಅದು ಬಲಕ್ಕೆ ವಾಲುತ್ತದೆ. ಕೊನೆಗೆ ಕುಸಿತದ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಒಡಿಶಾದಿಂದ ನಾವು ನೈಋತ್ಯಕ್ಕಿದ್ದೇವೆ. ಈ ಮಗ್ಗುಲಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಮುಂಗಾರಿನ ಗಾಳಿಯೂ ಆ ಕಡೆಯಿಂದಲೇ ಬರುವುದು. ಎರಡೂ ಸೇರಿ ಜೋರಾಗಿ, ಘಟ್ಟಕ್ಕೆ ಇನ್ನೂ ಜಾಸ್ತಿ ತೇವ ಬಂದು ಬಡಿಯುತ್ತದೆ. ಬೆಟ್ಟ ಹತ್ತುವ ಗಾಳಿ ಆ ಪ್ಯಾಕೆಟ್ಟಿನೊಳಗಿನ ಗಾಳಿಯಂತೆಯೇ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ಮೋಡ ಕಟ್ಟುವವರೆಗೆ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ. ಆಮೇಲೆ ಆವಿ ನೀರಾಗಿ ಬಿಸಿಲೆ ಘಾಟಿ ಕಡೆ ಹಗಲೂ ರಾತ್ರಿ ಸುರಿಯುತ್ತದೆ. ಅದೇ ಗಾಳಿ ಘಟ್ಟ ದಾಟಿ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಅರಸೀಕೆರೆ, ಕಡೂರಲ್ಲಿ ತೆಂಗಿನ ಗರಿ ಪಟಪಟ ಬಡಿದುಕೊಳ್ಳುತ್ತದೆ, ಮಳೆ ಹೆಸರಿಗಷ್ಟೇ.

ಅಕ್ಟೋಬರ್, ನವೆಂಬರಿನ ಲೆಕ್ಕವೇ ಬೇರೆ. ಆಗ ಕುಸಿತ ಹೆಚ್ಚಾಗಿ ತಮಿಳುನಾಡು, ಆಂಧ್ರದ ಕಡೆ. ತಮಿಳುನಾಡಿನ ಕಡೆ ಆದರೆ ನಮಗೆ ತೇವದ ಗಾಳಿ ಪೂರ್ವದಿಂದ ಬರುತ್ತದೆ, ಮಧ್ಯೆ ಪಶ್ಚಿಮ ಘಟ್ಟದ ಅಡ್ಡಿ ಇಲ್ಲ. ಅರಸೀಕೆರೆಗೂ ಮಳೆ ಸಿಗುತ್ತದೆ. ಹಾಗಾಗಿ ಸುದ್ದಿ ಕೇಳಿದಾಗ ಕುಸಿತ ಎಲ್ಲಿ ಅಂತ ಮೊದಲು ನೋಡಿ. ಕಣದಲ್ಲಿ ಕಾಫಿ ಹರವಿದ್ದು, ಚೆನ್ನೈ ಅಥವಾ ನಾಗಪಟ್ಟಿಣಂ ಹೆಸರು ಬಂತು ಅಂದ್ರೆ ಟಾರ್ಪಾಲು ಹೊರಗೆ ತೆಗೆದಿಡಿ.